ಆಟಿಯಲ್ಲಿ ಸಿಕ್ಕಿದ ಖೋಲಿ

ಜೂನ್ 4, 1955. ಶನಿವಾರ

ಇವತ್ತೂ ಅಂಗಿಗಳಿಗೆ ಕಾಜಾ ಹೊಲಿದು ಮುಗಿಯಲಿಲ್ಲ. ನಾಳೆ ಬೆಳಿಗ್ಗೆ ಟೇಲರ್ ಅಂಗಿಗಳನ್ನು ಕೇಳುತ್ತಾನೆ. ಏನು ಮಾಡಲಿ, ಅಣ್ಣನಿಗೆ ರಜೆ ಇತ್ತು. ಖೋಲಿ ಹುಡುಕಲು ದಾದರಿಗೆ ಹೋಗಿದ್ದೆವು. ಅತ್ತಿಗೆಗೆ ಆರನೆಯ ತಿಂಗಳು, ಸುತ್ತಲು ಆಗುವುದಿಲ್ಲ. "ಹೆಂಗಸಿನ ಕಣ್ಣು ಒಂದು ಬೇಕಲ್ಲ ಅಕ್ಕು, ನೀನು ಬಾ," ಎಂದು ಅಣ್ಣ ನನ್ನನ್ನು ಕರೆದುಕೊಂಡು ಹೋದ.

ದೊಡ್ಡ ಬೋರ್ಡು. ಎಸ್ಟೇಟ್ ಏಜೆಂಟ್. ಒಳಗೆ ಫ್ಯಾನು, ಟೈಪ್ ಹೊಡೆಯುವ ಹುಡುಗಿ, ಟೈ ಕಟ್ಟಿದ ಸಾಹೇಬ. ಫ್ಲ್ಯಾಟ್ ಬೇಕೋ ಬ್ಲಾಕ್ ಬೇಕೋ ಎಂದು ಕೇಳಿದ. ಅಣ್ಣ "ಖೋಲಿ" ಎಂದ. ಸಾಹೇಬ ಕನ್ನಡಕ ತೆಗೆದು ಒರೆಸಿದ. ಹೆಸರು ಬರೆಸಿ ಹೋಗಿ, ಖಾಲಿಯಾದರೆ ಕಾರ್ಡು ಹಾಕುತ್ತೇವೆ. ಹೆಸರು ಬರೆಸುವುದಕ್ಕೆ ಫೀ. ಅಣ್ಣ ಕೊಟ್ಟು ಶೇಖರ ಎಂದು ಬರೆಸಿಯೇ ಬಿಟ್ಟ.

ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕ. ಹೋದ ದೀಪಾವಳಿಯಿಂದ ಕಾರ್ಡಿಗೆ ಕಾಯುತ್ತಿದ್ದಾನಂತೆ. ಯಾರಿಗೆ ಖೋಲಿ ಸಿಗಲಿ ಬಿಡಲಿ, ಆ ಫ್ಯಾನು ತಿರುಗುತ್ತಿರುತ್ತದೆ. ಅಣ್ಣನಿಗೆ ಹೇಳಬೇಕೆಂದು ಬಾಯಿಯ ತನಕ ಬಂತು. ಹೇಳಲಿಲ್ಲ. ನನ್ನದು ಯಾವಾಗಲೂ ಹೀಗೆ. ಬಂದ ಮಾತು ಈ ಪುಸ್ತಕಕ್ಕೆ ಹೋಗುತ್ತದೆ, ಪುಸ್ತಕ ಗುಂಡಿ ಡಬ್ಬಿಯ ಅಡಿಗೆ ಹೋಗುತ್ತದೆ.

ಮನೆಗೆ ಬಂದಾಗ ಪರದೆಯ ಆಚೆಯಿಂದ ಬಸಲಿಂಗವ್ವ, "ಸಿಕ್ತೇನ?" ಎಂದಳು. ಈ ಪರೇಲಿನ ಖೋಲಿ ಅವಳ ಗಂಡ ಕಾಶಪ್ಪನದು. ಮಿಲ್ಲಿನ ಕೆಲಸದವನು. ಪರದೆಯ ಈಚೆ ಅರ್ಧದಲ್ಲಿ ನಾವು ಮೂವರು, ಎರಡು ವರ್ಷದಿಂದ. ಸಿಗಲಿಲ್ಲ ಎಂದೆ.

"ನೋಡ ಅಕ್ಕೂ, ಗಣಪತಿ ಹಬ್ಬಕ್ಕ ನಮ್ಮ ನಾಗವ್ವ ಮಕ್ಕಳನ್ನ ಕಟ್ಕೊಂಡು ಬರತಾಳ. ನಿಮ್ಮನ್ನ ನಾ ಹೊರಗ ಹಾಕಂಗಿಲ್ಲ. ಆದ್ರ ನೀವಾ ಹೋಗಬೇಕು."

ನಾಗವ್ವ ಅವಳ ತಂಗಿ. ಅತ್ತಿಗೆಯ ಹೆರಿಗೆಯೂ ಗಣಪತಿ ಹಬ್ಬದ ಹೊತ್ತಿಗೇ.

ಜೂನ್ 12. ಭಾನುವಾರ

ಮುಲುಂಡಿಗೆ ಹೋಗಿ ಬಂದೆವು. ಅಣ್ಣನ ಜೊತೆ ರಿಫೈನರಿಯಲ್ಲಿ ಪೈಪು ಜೋಡಿಸುವವರೊಬ್ಬರು ಸೇರಿದ ಸೊಸೈಟಿ. ಸ್ಟೇಷನ್ನಿನಿಂದ ಗದ್ದೆಯ ಅಂಚಿನಲ್ಲೇ ನಡೆದದ್ದು. ಅಲ್ಲಿ ಸುಣ್ಣದ ಗೆರೆ, ಕೆಲವು ಗೂಟ, ಒಂದು ಎಮ್ಮೆ. ಸೊಸೈಟಿಯ ಪ್ರಮೋಟರ್ ಕೊಡೆ ಎತ್ತಿ ಆಕಾಶಕ್ಕೆ ತೋರಿಸಿದರು. ಮೂರನೆಯ ಮಾಳಿಗೆ, ಅಲ್ಲಿ ನಿಮ್ಮ ಮನೆ, ಗಾಳಿ ನೋಡಿ ಹೇಗೆ ಬರುತ್ತದೆ.

ಗಾಳಿ ಬರುತ್ತಿತ್ತು, ಅದು ನಿಜ.

ಕಟ್ಟುವ ಕಾಂಟ್ರಾಕ್ಟರ್ ಯಾರು ಎಂದರೆ ಜಮೀನಿನವರಿಗೆ ಗೊತ್ತು ಎಂದರು. ಜಮೀನು ಯಾರದು ಎಂದರೆ ವಕೀಲರಿಗೆ ಗೊತ್ತು. ಷೇರಿನ ಹಣ ಮಾತ್ರ ಅವರ ಕೈಗೇ ಕೊಡಬಹುದಂತೆ. ಈ ಸಲ ಅಣ್ಣ ಕೊಡಲಿಲ್ಲ. ನಾನು ಹಿಂದಿನಿಂದ ಅವನ ಅಂಗಿ ಎಳೆದಿದ್ದೆ.

"ಮನೆ ಹೇಗುಂಟು?" ಅತ್ತಿಗೆ ಕೇಳಿದಳು.

"ಗಾಳಿ ಒಳ್ಳೆಯದುಂಟು ಅಪ್ಪಿ," ಎಂದ ಅಣ್ಣ.

ಜೂನ್ 21. ಮಂಗಳವಾರ

ಬಸಲಿಂಗವ್ವ ಒಬ್ಬ ದಲಾಲನನ್ನು ಕರೆತಂದಳು. ಹೆಸರು ಮುರಿಗೆಪ್ಪ. ಬೆಳಗಾವಿ ಕಡೆಯವನು, ಅವಳಿಗೆ ದೂರದ ಸಂಬಂಧ. ಆಫೀಸು ಇಲ್ಲ, ಬೋರ್ಡು ಇಲ್ಲ. ಇರಾನಿ ಹೋಟೆಲಿನ ಮುಂದೆ ನಿಲ್ಲುವುದೇ ಆಫೀಸು. ಒದ್ದೆ ಕೊಡೆಯನ್ನು ನನ್ನ ಅಂಗಿಯ ಗಂಟಿಗೆ ಒರಗಿಸಿ ಕೂತ. ಬಾಯಿತುಂಬ ಎಲೆಯಡಿಕೆ.

"ಖೋಲಿ ತೋರ್ಸೂದು ನನ್ನ ಕೆಲಸ, ಜಗಳಾ ಆಡೂದು ನನ್ನ ಕೆಲಸ. ನೀವು ಒಳಗ ಹಾಲು ಉಕ್ಕಿಸಿದ ಮ್ಯಾಲೆ ದಲಾಲಿ ಕೊಡ್ರಿ. ಅಲ್ಲೀತನಕಾ ಒಂದು ಕಪ್ ಚಹಾ ಸಾಕು."

ಅಣ್ಣ ಮುಂಗಡ ಹಿಡಿದ. ಬೇಡ ಎಂದ. ಕೈಗೆ ಬಂದ ದುಡ್ಡು ಬೇಡ ಎನ್ನುವ ದಲಾಲ! ನನಗೆ ಅಲ್ಲಿಯೇ ಸಂಶಯ. ಘಟ್ಟದ ಮೇಲಿನವರ ಜೊತೆ ವ್ಯಾಪಾರವಾದರೆ ತಕ್ಕಡಿಯ ಎರಡೂ ಬದಿ ನೋಡು ಎಂದು ಅಮ್ಮ ಹೇಳುತ್ತಿದ್ದಳು. ಬಸಲಿಂಗವ್ವನಿಗೆ ನಾವು ಹೋಗಬೇಕು. ದಲಾಲ ಬಸಲಿಂಗವ್ವನ ಕಡೆಯವನು. ಹಾಗಾದರೆ ನಮ್ಮ ಕಡೆ ಯಾರು?

ಚಹಾ ಮಾತ್ರ ಎರಡು ಕಪ್ ಕುಡಿದ.

ಜುಲೈ 2. ಶನಿವಾರ

ಮುರಿಗೆಪ್ಪ ತೋರಿಸಿದ್ದು... ಸಾಯನ್‌ನಲ್ಲಿ ಒಂದು, ಛಾವಣಿ ಸೋರುತ್ತದೆ. ಕುರ್ಲಾದಲ್ಲಿ ಒಂದು, ನಳವೇ ಇಲ್ಲ. ಇನ್ನೊಂದರಲ್ಲಿ ಹಳೆಯ ಬಾಡಿಗೆಯವನು ಇನ್ನೂ ಒಳಗೆ ಮಲಗಿದ್ದ. "ಅಂವಾ ಏಳತಾನ ಬಿಡ್ರಿ," ಎಂದ ಮುರಿಗೆಪ್ಪ. ಮಲಗಿದ್ದವನು ಎದ್ದು ಬೈದ. ಮುರಿಗೆಪ್ಪನೂ ಬೈದ. ಅಣ್ಣನಿಗೆ ನಗು, ನನಗೆ ಭಯ. ಬೇಕೆಂದೇ ಕೆಟ್ಟವನ್ನು ಮೊದಲು ತೋರಿಸುತ್ತಿದ್ದಾನೆ. ಆಮೇಲೆ ಯಾವುದು ತೋರಿಸಿದರೂ ನಾವು ಹೂಂ ಎನ್ನಬೇಕು, ಅದಕ್ಕೆ.

ಮಳೆ. ಕಾಜಾದ ಮೇಲೆ ಹನಿ ಬಿದ್ದು ಮೂರು ಅಂಗಿ ಮತ್ತೆ ಒಗೆಯಬೇಕಾಯಿತು.

ಜುಲೈ 10. ಭಾನುವಾರ

ಚೆಂಬೂರು. ಸಿಕ್ಕಿತು!

ಮೊದಲ ಮಾಳಿಗೆ, ಗ್ಯಾಲರಿಯ ಕೊನೆಯ ಖೋಲಿ. ಮೂರು ಕಡೆ ಗೋಡೆ, ಒಂದು ಕಡೆ ಕಿಟಕಿ, ಒಳಗೇ ಸ್ನಾನಕ್ಕೆ, ಪಾತ್ರೆ ತೊಳೆಯಲು ಪುಟ್ಟ ಮೋರಿ. ಈಗ ಇರುವ ಟೀಚರ್ ಬಾಯಿ ನಾಸಿಕಕ್ಕೆ ಮಗನ ಮನೆಗೆ ಹೋಗುತ್ತಾರೆ. ಅತ್ತಿಗೆ ಹಠ ಮಾಡಿ ಬಂದಿದ್ದಳು. ಕಿಟಕಿಯಲ್ಲಿ ನಿಂತರೆ ದೂರದಲ್ಲಿ ಚಿಮಣಿಯ ತುದಿಗೆ ಬೆಂಕಿ. "ಅದು ನಮ್ಮ ರಿಫೈನರಿ," ಎಂದ ಅಣ್ಣ, ತಾನೇ ಹಚ್ಚಿಟ್ಟು ಬಂದವನ ಹಾಗೆ. ಅತ್ತಿಗೆ ಒಂದೊಂದೇ ಗೋಡೆಗೆ ಕೈಯಿಟ್ಟು ನೋಡಿದಳು. "ಪರದೆ ಅಲ್ಲ ಅಕ್ಕು, ಗೋಡೆ," ಎಂದು ನಕ್ಕಳು. ಎರಡು ವರ್ಷದ ಮೇಲೆ ಅವಳು ನಕ್ಕದ್ದು.

ಆಗ ಮೆಹ್ತಾಜಿ ಬಂದರು. ಬಿಳಿ ಧೋತರ, ಕಪ್ಪು ಟೋಪಿ, ಮೆತ್ತಗಿನ ಮಾತು. ನಮಗೆಲ್ಲ ಏಲಕ್ಕಿ ಕೊಟ್ಟರು. ಮಾಲೀಕರೆಂದು ಅಣ್ಣ ಕೈಮುಗಿದ. ಹಿಂದಿನಿಂದ ಮುರಿಗೆಪ್ಪ, ಗಟ್ಟಿಯಾಗಿಯೇ:

"ಮಾಲಕ ಅಲ್ಲರೀ ಇಂವಾ. ಮಾಲಕ ವಾಲ್ಕೇಶ್ವರದಾಗ ಇರತಾನ, ಈ ಮೆಟ್ಟಲಾ ಹತ್ತಿದ್ದು ಯಾರೂ ಕಂಡಿಲ್ಲ. ಇಂವಾ ಬರೇ ಬಾಡಿಗಿ ವಸೂಲಿ ಮೆಹ್ತಾ."

ನನಗೆ ನಾಚಿಕೆಯಾಯಿತು. ಮೆಹ್ತಾಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಸಹೀ ಬಾತ್. ನಾನು ಸೇಠ್‌ಜಿಯ ನೌಕರ," ಎಂದರು. ಅತ್ತಿಗೆಯನ್ನು ಬೆಹೆನ್ ಎಂದು ಕರೆದು ಕೂರಲು ಸ್ಟೂಲು ತರಿಸಿದರು. ಇಷ್ಟು ದಿನದಲ್ಲಿ ನಾನು ಕಂಡ ಮೊದಲ ಮನುಷ್ಯ.

ಜುಲೈ 13. ಬುಧವಾರ

ಪಗಡಿ ಕೊಟ್ಟಾಯಿತು, ಖೋಲಿ ಹಿಡಿಯಲು ಬಾಡಿಗೆಯಲ್ಲದೆ ಕೊಡುವ ಇಡುಗಂಟು. ಅತ್ತಿಗೆಯ ಬಳೆ ಹೋಯಿತು, ಅವಳ ತಾಯಿಯ ಚಿನ್ನದ ಸರವೂ ಹೋಯಿತು. ಇನ್ನು ಕೊಡಲಿಕ್ಕೆ ನಮ್ಮಲ್ಲಿ ಏನೂ ಇಲ್ಲ. ಪಗಡಿ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧವಂತೆ, ಅದಕ್ಕೇ ಚೀಟಿ ಗೀಟಿ ಏನೂ ಇಲ್ಲ. ಮೆಹ್ತಾಜಿ ರುಮಾಲಿನಲ್ಲಿ ಕಟ್ಟಿಕೊಂಡು ಕಣ್ಣಿಗೊತ್ತಿಕೊಂಡರು. ಬಾಡಿಗೆ ರಸೀದಿ ಅಣ್ಣನ ಹೆಸರಿಗೆ ಮುಂದಿನ ತಿಂಗಳು ಬರುತ್ತದೆ, ಸೇಠ್‌ಜಿ ಊರಲ್ಲಿಲ್ಲ.

ಮುರಿಗೆಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಅವನ ಪಾಲು ಎಷ್ಟಿದೆಯೋ ಅದರಲ್ಲಿ.

ಜುಲೈ 18. ಸೋಮವಾರ

ಇವತ್ತು ಬೀಗದ ಕೈ ಸಿಕ್ಕಿತು. ನಿನ್ನೆ ಆಟಿ ಹುಟ್ಟಿತು, ನಮ್ಮ ತುಳುನಾಡಿನ ಅಶುಭ ತಿಂಗಳು.

ಎರಡು ದಿನ ಮೊದಲು ಸಿಗಬಾರದಿತ್ತೇ! ಟೀಚರ್ ಬಾಯಿಯ ಸಾಮಾನಿನ ಲಾರಿ ಮಳೆಗೆ ತಡವಾಯಿತು. ಆಟಿಯಲ್ಲಿ ನಮ್ಮವರು ಹೊಸ ಮನೆಯ ಹೊಸ್ತಿಲು ದಾಟುವುದುಂಟೇ? ಒಂದು ತಿಂಗಳು ಕಳೆದು ಸೋಣ ಬರಲಿ, ಸಂಕ್ರಾಂತಿಯ ದಿನವೇ ಹಾಲು ಉಕ್ಕಿಸುವ ಎಂದ ಅಣ್ಣ. ಅತ್ತಿಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಎರಡು ವರ್ಷದ ಹಿಂದೆ ಬೇರೆ ದಾರಿಯಿಲ್ಲದೆ ಆಟಿಯಲ್ಲೇ ಈ ಪರದೆಯ ಈಚೆಗೆ ಬಂದಿದ್ದೆವು. ಸೋಣ ಮುಗಿಯುವುದರೊಳಗೆ ಕೂಸು ಹೋಯಿತು. ಹದಿನೈದು ದಿನದ ಕೂಸು. ಆ ಮಾತು ಯಾರೂ ಆಡುವುದಿಲ್ಲ.

ಮುರಿಗೆಪ್ಪ ಕೊಡೆ ನೆಲಕ್ಕೆ ಕುಟ್ಟಿದ.

"ಇವತ್ತಿನ ರಾತ್ರೀನ ಒಳಗ ಮಲಕೋರಿ! ಒಂದು ಚಾಪಿ, ಒಂದು ಕೊಡ ಸಾಕು. ಮೆಹ್ತಾನ ಬೀಗಾ ತೆಗದು ನಿಮ್ಮ ಬೀಗಾ ಹಾಕ್ರಿ. ಮುಂಬೈದಾಗ ಖಾಲಿ ಖೋಲಿ ಅಂದ್ರ ಹರವಿದ ಬೆಲ್ಲ. ಇರವಿಗೆ ಪತ್ತೆ ಹೇಳಬೇಕೇನ್ರಿ?"

"ಆಟಿಯಲ್ಲಿ ಹೊಸ ಬೀಗ ತರ್ಲಿಕ್ಕೂ ಇಲ್ಲ ಮಾರಾಯ್ರೆ," ಎಂದ ಅಣ್ಣ.

"ಆಟಿ! ಎಂಥಾ ಆಟಿರೀ? ನಾಡದ್ದರಿಂದ ಶ್ರಾವಣ. ಇಡೀ ವರ್ಸದಾಗ ಇದಕ್ಕಿಂತ ಛಲೋ ತಿಂಗಳ ಇಲ್ಲ!"

ಬಸಲಿಂಗವ್ವ ಪರದೆಯ ಆಚೆಯಿಂದ, "ಅಲ್ಲೇನ ಮತ್ತ," ಎಂದಳು. ನೋಡು, ಇಬ್ಬರೂ ಒಂದೇ ರಾಗ.

ಅಲ್ಲಿಂದ ಅಣ್ಣ ಮೆಹ್ತಾಜಿಯನ್ನು ಕೇಳಲು ಹೋದ. ಅವರು ಕಣ್ಣು ಮುಚ್ಚಿ ತಲೆದೂಗಿದರಂತೆ. "ಧರ್ಮ ಮೊದಲು, ಖೋಲಿ ಆಮೇಲೆ. ಜಲ್ದಿ ಕ್ಯಾ ಹೈ? ನನ್ನ ಬೀಗ ಗಟ್ಟಿ ಇದೆ, ಹಾಗೇ ಇರಲಿ. ನಿಮ್ಮ ದಿನ ನೋಡಿಕೊಂಡೇ ಬನ್ನಿ."

ಅನ್ಯ ಭಾಷೆಯವರಿಗೆ ಅರ್ಥವಾಯಿತು. ಕನ್ನಡದವನಿಗೆ ಆಗಲಿಲ್ಲ. ದಲಾಲನಿಗೆ ಯಾಕಿಷ್ಟು ಅವಸರ? ಖೋಲಿಯಲ್ಲಿ ಏನೋ ಐಬಿರಬೇಕು. ಅಥವಾ ತನ್ನ ದಲಾಲಿಗೆ. ಅತ್ತಿಗೆಯ ಕಿವಿಯಲ್ಲಿ ಹೇಳಿದೆ. ಅವಳು ಅಣ್ಣನಿಗೆ ಹೇಳಿದಳು. ನಾವು ಹೋಗಲಿಲ್ಲ.

ಜುಲೈ 19. ಮಂಗಳವಾರ

ಆಟಿ ಅಮಾವಾಸ್ಯೆ. ಊರಲ್ಲಿ ಈ ದಿನ ಕುಡಿಯುವ ಪಾಲೆ ಮರದ ಕೆತ್ತೆಯ ಕಷಾಯ ಇಲ್ಲಿ ಎಲ್ಲಿಂದ? ಮೆಂತ್ಯೆ ನೆನೆಸಿ ತಿಂದೆವು. ಕಹಿ ಸಾಲದು ಎಂದ ಅಣ್ಣ.

ಜುಲೈ 24. ಭಾನುವಾರ. ನಾಗಪಂಚಮಿ

ಬಸಲಿಂಗವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಗ್ಯಾಲರಿಯ ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಆಡಿದಳು, ಆ ಮೈಯಲ್ಲಿ! ಕಾಶಪ್ಪ, "ಬಿಲ್ಡಿಂಗ್ ಬಿದ್ರ ನಾವೂ ದಲಾಲನ್ನ ಹಿಡೀಬೇಕಾಗತೈತಿ," ಎಂದ.

ಮಧ್ಯಾಹ್ನ ಅಣ್ಣನೂ ನಾನೂ ಚೆಂಬೂರಿಗೆ. ಒಳಗೆ ಹೋಗುವುದಿಲ್ಲ, ಹೊರಗಿನಿಂದ ಬೀಗ ನೋಡಿ ಬರುವುದು. ಗ್ಯಾಲರಿಯಲ್ಲಿ ಮೆಹ್ತಾಜಿ ನಿಂತಿದ್ದರು. ಜೊತೆಗೆ ಇಬ್ಬರು ಗಂಡಸರು, ಒಬ್ಬ ಹೆಂಗಸು. ನಮ್ಮ ಖೋಲಿಯ ಬಾಗಿಲು ತೆರೆದಿತ್ತು. ಮುನಿಸಿಪಾಲಿಟಿಯವರು, ಸೋರುವುದನ್ನು ನೋಡಲು ಬಂದಿದ್ದಾರೆ ಎಂದರು ಮೆಹ್ತಾಜಿ. ಅಣ್ಣ ಅವರಿಗೂ ಕೈಮುಗಿದ.

ಆದರೆ ಆ ಹೆಂಗಸು... ಹಸಿರು ಸೀರೆ, ಗುಜರಾತಿಯವರ ಹಾಗೆ ಬಲಗಡೆ ಸೆರಗು. ಪಕ್ಕದ ಮನೆಯವಳನ್ನು ಮೆತ್ತಗೆ ಏನೋ ಕೇಳಿದಳು. ನನಗೆ ಕೇಳಿಸಿತು. ನಳ ಎಷ್ಟು ಹೊತ್ತಿಗೆ ಬರುತ್ತದೆ?

ಸೋರುವುದನ್ನು ನೋಡುವವಳಿಗೆ ನಳದ ಹೊತ್ತು ಯಾಕೆ? ನಳದ ಹೊತ್ತು ಕೇಳುವವಳು ಕೊಡ ತರುವವಳು.

ಗಾಡಿಯಲ್ಲಿ ಅಣ್ಣನಿಗೆ ಹೇಳಿದೆ. ಯಾರು ಕಳಿಸಿದ್ದು ಅವರನ್ನು? ನನಗೆ ಒಬ್ಬನೇ ಕಂಡ. ಒಂದೇ ಖೋಲಿಯನ್ನು ಇಬ್ಬರಿಗೆ ತೋರಿಸಿದ ದಲಾಲ. ಪಾಪ, ಮೆಹ್ತಾಜಿ ನಮ್ಮೆದುರು ಮುಚ್ಚಿಟ್ಟಿದ್ದು ಜಗಳ ಬೇಡವೆಂದು ಇರಬೇಕು.

ಜುಲೈ 25. ಸೋಮವಾರ

ದೊಡ್ಡ ಜಗಳವಾಯಿತು. ಚಾಳಿನ ಮೆಟ್ಟಿಲಲ್ಲೇ ಅಣ್ಣ ಮುರಿಗೆಪ್ಪನ ಅಂಗಿ ಹಿಡಿದ. ಎಲ್ಲರೂ ನೋಡಿದರು. ಮುರಿಗೆಪ್ಪ ಬಿಡಿಸಿಕೊಳ್ಳಲಿಲ್ಲ. ಎಲೆಯಡಿಕೆ ಪಕ್ಕಕ್ಕೆ ಉಗುಳಿ ಮಾತಾಡಿದ.

"ಹೌದು, ನಿಮಗಿಂತ ಮೊದಲ ಇನ್ನೊಬ್ಬರಿಗೂ ತೋರ್ಸಿದ್ದೆ. ಅವರಿಗೆ ಪಸಂದ್ ಬರಲಿಲ್ಲ, ಹೋದ್ರು. ಇವರು ಯಾರೋ ನನಗ ಗೊತ್ತಿಲ್ಲ. ಶೇಖರಪ್ಪ, ನಾ ದಲಾಲ. ನೀವು ಒಳಗ ಹೋದ್ರ ನನಗ ಅನ್ನ. ಆ ಮೆಹ್ತಾ? ಖೋಲಿ ಎಷ್ಟ ಸಲ ಖಾಲಿ ಆಗತೈತಿ, ಅಷ್ಟ ಸಲ ಅವಗ ಅನ್ನ. ನೀವು ಹೊರಗ ಕುಂತಷ್ಟ ದಿನಾ ಅವನ ಖೋಲಿ ಖಾಲಿ."

"ಅವರು ಧರ್ಮ ಗೊತ್ತಿದ್ದವರು. ನಿನ್ನ ಹಾಗೆ ಅಲ್ಲ!"

"ಪೊಲೀಸ್ರ ಕಡೆ ಹೋಗ್ರಿ ಹಂಗಾದ್ರ. ಪಗಡಿ ಕೊಟ್ಟೀನಿ ಅನ್ರಿ, ನಿಮ್ಮನ್ನೂ ಒಳಗ ಹಾಕತಾರ. ಅಂವಾ ಪೊಲೀಸ್ರನ್ನ ಕರ್ಯಾಂಗಿಲ್ಲ, ನೀವೂ ಕರ್ಯಾಂಗಿಲ್ಲ. ಕಡೀಕೆ ಯಾರು ಒಳಗ ಅದಾರ ಅವರದ ಖೋಲಿ. ಬೀಗಾ ಅಲ್ಲ, ಮನಿಶ್ಯಾ ಒಳಗ ಇರಬೇಕು."

ಹೋಗುವಾಗ ನನ್ನ ಕಡೆ ನೋಡಿದ. "ಈ ತಂಗಿ ಬಾಯಿ ಮುಚ್ಚಿಕೊಂಡ ಭಾಳ ಮಾತಾಡತಾಳ," ಎಂದ. ಮೈಯೆಲ್ಲ ಬಿಸಿಯಾಯಿತು. ಅವನಿಗೆ ಹೇಗೆ ಗೊತ್ತಾಯಿತು?

ಆಗಸ್ಟ್ 3. ಬುಧವಾರ

ಎಷ್ಟೋ ದಿನದಿಂದ ಬರೆದಿಲ್ಲ. ಬರೆಯುವುದು ಎಂತ? ಅತ್ತಿಗೆಯ ಕಾಲು ಊದಿದೆ. ಬಸಲಿಂಗವ್ವ ದಿನಾ ಎಣ್ಣೆ ಹಚ್ಚುತ್ತಾಳೆ, ಹಚ್ಚುತ್ತಲೇ ನಾಗವ್ವ ಬರುವ ದಿನ ಎಣಿಸುತ್ತಾಳೆ. ಮೆಹ್ತಾಜಿ ಒಂದನೆಯ ತಾರೀಕಿಗೂ ರಸೀದಿ ಕೊಡಲಿಲ್ಲ. ಸೇಠ್‌ಜಿ ಇನ್ನೂ ಬಂದಿಲ್ಲವಂತೆ. ಏಲಕ್ಕಿ ಕೊಟ್ಟು ಕಳಿಸಿದರಂತೆ.

ಕಾಜಾ ಹಾಕುತ್ತಾ ಮುರಿಗೆಪ್ಪನ ಮಾತೇ ನೆನಪು. ಯಾರಿಗೆ ಯಾವಾಗ ಅನ್ನ. ಆ ಟೈ ಸಾಹೇಬನಿಗೆ ಹೆಸರು ಬರೆಸಿದ ದಿನವೇ ಅನ್ನವಾಯಿತು, ಖೋಲಿ ಸಿಗಬೇಕೆಂದೇನೂ ಇಲ್ಲ. ಮುಲುಂಡಿನವರಿಗೆ ಷೇರು ಕೊಟ್ಟ ದಿನ, ಮನೆ ಏಳಬೇ‌ಕೆಂದಿಲ್ಲ. ದಲಾಲನಿಗೆ ನಾವು ಒಳಗೆ ಹೋದ ದಿನ. ಅದಕ್ಕೇ ಅವಸರ. ಅವನ ಅವಸರವೂ ನಮ್ಮ ಅವಸರವೂ ಒಂದೇ ಆಗಿತ್ತು... ಮೆಹ್ತಾಜಿಗೆ? ಅವರ ಅನ್ನ ರುಮಾಲಿನಲ್ಲಿ ಕಟ್ಟಿಕೊಂಡು ಹೋಗಿ ಆಯಿತು. ಇನ್ನೊಮ್ಮೆ ಬೇಕಾದರೆ ಖೋಲಿ ಖಾಲಿಯೇ ಇರಬೇಕು.

ಬೀಗ ಅವರದು. ಬೀಗ ಅವರದಾದರೆ ಇನ್ನೊಂದು ಕೈ ಯಾರ ಹತ್ತಿರ? ಆವತ್ತು ನಮ್ಮ ಬಾಗಿಲು ತೆರೆದಿತ್ತು. ನಮ್ಮ ಬೀಗದ ಕೈ ಅಣ್ಣನ ಜೇಬಿನಲ್ಲಿತ್ತು. ಇಷ್ಟು ದಿನ ಇದನ್ನು ಯಾಕೆ ಯೋಚಿಸಲಿಲ್ಲ? ಇಷ್ಟು ಸಂಶಯ ಪಡುವ ನಾನು!

ಆಗಸ್ಟ್ 4. ಗುರುವಾರ

ಟೇಲರ್ ಕಡೆಗೆ ಎಂದು ಹೇಳಿ ಒಬ್ಬಳೇ ಚೆಂಬೂರಿಗೆ ಹೋದೆ. ಬೀಗದ ಕೈ ಅಣ್ಣನ ಹಳೆಯ ಅಂಗಿಯಿಂದ ತೆಗೆದೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಯಾರನ್ನೂ ಕೇಳಲು ಧೈರ್ಯವಿಲ್ಲದೆ ಒಂದು ಗಾಡಿ ಬಿಟ್ಟೆ.

ಬೀಗ ತೆರೆಯಿತು. ಹೊಸ್ತಿಲು ದಾಟಲಿಲ್ಲ, ಬಾಗಿಲು ಮಾತ್ರ ದೂಡಿದೆ.

ಖೋಲಿಯ ನಡುವೆ ತಾಮ್ರದ ಕೊಡ. ಕುತ್ತಿಗೆಗೆ ಕೆಂಪು ದಾರ, ಬಾಯಿಗೆ ಮಾವಿನ ಎಲೆ, ಮೇಲೆ ತೆಂಗಿನಕಾಯಿ. ಎದುರಿಗೆ ಕುಂಕುಮದ ಸ್ವಸ್ತಿಕ. ಟೇಲರನ ಗುಜರಾತಿ ಹೆಂಡತಿ ಹೇಳಿದ್ದಳು, ಅವರು ಹೊಸ ಮನೆಗೆ ಬರುವ ಮುಂಚೆ ಕುಂಭ ಇಡುತ್ತಾರೆ ಎಂದು. ಅವರಿಗೂ ಶ್ರಾವಣ. ಆಟಿ ಇರುವುದು ನಮಗೊಬ್ಬರಿಗೇ.

ಪಕ್ಕದ ಮನೆಯವಳು ಬಂದಳು. "ಆಪ್ ಲೋಗ್ ಮದ್ರಾಸಿ ಹೈ ನ? ನಿಮಗೆ ಖೋಲಿ ಬೇಡವಂತಲ್ಲ! ಅಪಶಕುನ ಅಂದಿರಂತೆ. ಮೆಹ್ತಾಜಿ ಹೇಳಿದರು. ಈ ಕುಂಭ ಇಟ್ಟವರು ನಾಳೆ ಬರುತ್ತಾರೆ."

ನಾಳೆ!

ಕೊಡ ಎತ್ತಿ ಹೊರಗಿಡಬೇಕೆನಿಸಿತು. ಇನ್ನೊಬ್ಬರ ಮಂಗಳ, ಹೇಗೆ ಮುಟ್ಟುವುದು? ಬೀಗ ಹಾಕಿ ಓಡಿ ಬಂದೆ.

ಸಂಜೆ

ಎಲ್ಲ ಹೇಳಿದೆ. ಅಣ್ಣ ಹಣೆ ಹಣೆ ಹೊಡೆದುಕೊಂಡ. ಇರಾನಿ ಹೋಟೆಲಿಗೆ ಓಡಿ ಮುರಿಗೆಪ್ಪನ ಮುಂದೆ ನಿಂತನಂತೆ. "ನಾ ಬಂದ್ರ ಜಗಳಾ ನನ್ನದಾಗತೈತಿ. ಮನಿಶ್ಯಾನ್ನ ಒಳಗ ಕೂಡಸ್ರಿ, ಮುಂಜಾನೆ ಅವರಿಗಿಂತ ಮೊದಲ. ಆಮ್ಯಾಲೆ ನನ್ನ ಕರೀರಿ," ಎಂದು ಬೆನ್ನು ತಿರುಗಿಸಿದನಂತೆ. ಚಹಾ ಕೊಡಿಸಿದರೂ ಕುಡಿಯಲಿಲ್ಲ.

"ನಾನೇ ಹೋಗಿ ಕೂರ್ತೇನೆ," ಎಂದ ಅಣ್ಣ.

"ಬೇಡ!" ಅತ್ತಿಗೆ ಕಿರುಚಿದಳು. "ನೀವು ಹೊಸ್ತಿಲು ದಾಟಿದರೆ ಇಡೀ ಮನೆಯೇ ದಾಟಿದ ಹಾಗೆ. ಹೋದ ಸಲ ಎಂತಾಯ್ತು? ಖೋಲಿ ಹೋದರೆ ಹೋಗ್ಲಿ... ಇದೊಂದು ಉಳೀಲಿ."

ಆಗ ನಾನು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ.

"ನಾನು ಹೋಗ್ತೇನೆ. ನಾನು ನಾಳೆ ಮದುವೆಯಾಗಿ ಬೇರೆ ಮನೆಗೆ ಹೋಗುವವಳು. ಆಟಿ ತಾಗಿದರೆ ನನಗೆ ತಾಗ್ತದೆ, ಈ ಮನೆಗಲ್ಲ."

"ನಿನಗೆ ಮಾತ್ರ ತಾಗಬಹುದಾ ಅಕ್ಕು?" ಎಂದು ಅತ್ತಿಗೆ ಅತ್ತಳು.

ಪರದೆ ಸರಿಯಿತು. ಬಸಲಿಂಗವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅದೇನ ಅಳತೀರಿ? ನಿಮಗ ಆಟಿ. ನನಗ ಶ್ರಾವಣ. ನಾಳಿ ಶುಕ್ರವಾರ, ಲಕ್ಷ್ಮಿ ದಿನ. ನಾ ಹೋಗಿ ಹಾಲು ಉಕ್ಕಸ್ತೀನಿ. ಈ ಹುಡಿಗಿ ನನ್ನ ಸಂಗಾಟ ಬರಲಿ, ಬೀಗರಂಗ ಕುಂಡ್ರಲಿ."

"ನನ್ನ ರೊಟ್ಟಿ ಯಾರ ಮಾಡವರು?" ಎಂದ ಕಾಶಪ್ಪ.

"ಕೈ ಅದಾವಲ್ಲ?"

ಅಣ್ಣ ಅವಳ ಕಾಲಿಗೇ ಬಿದ್ದ. ಅತ್ತಿಗೆಗೂ ಉಸಿರು ಬಂತು. ನನಗೆ ಮಾತ್ರ... ಅವಳಿಗೆ ಯಾಕೆ ಇಷ್ಟು ಆತುರ? ನಾಗವ್ವ ಬರುತ್ತಾಳೆ. ನಾಗವ್ವನಿಗೂ ಖೋಲಿ ಬೇಕು. ಒಳಗೆ ಯಾರಿದ್ದಾರೋ ಅವರದೇ ಖೋಲಿ. ಹಾಲು ಉಕ್ಕಿಸಿದವಳು ಬಸಲಿಂಗವ್ವನಾದರೆ?

ಮಲಗುವಾಗ ಅವಳು ಬೀಗದ ಕೈ ಕೇಳಿದಳು, ಸೆರಗಿಗೆ ಕಟ್ಟಿಕೊಳ್ಳಲು. ಇಲ್ಲಿಯೇ ಇರಲಿ ಎಂದು ಕರಿದಾರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಂಡೆ. ಅವಳು ನಕ್ಕಳು. ಯಾಕೆ ನಕ್ಕಳು?

ಆಗಸ್ಟ್ 5. ಶುಕ್ರವಾರ. ಬೆಳಿಗ್ಗೆ 8

ಖೋಲಿಯೊಳಗೆ ಕೂತು ಬರೆಯುತ್ತಿದ್ದೇನೆ. ಬಸಲಿಂಗವ್ವ ಮೊದಲು ಬಲಗಾಲಿಟ್ಟಳು. ನಾನು ಹಿಂದೆ, ಕಣ್ಣು ಮುಚ್ಚಿಕೊಂಡು. ಏನೂ ಆಗಲಿಲ್ಲ. ಮಳೆ ಮಾತ್ರ ಜೋರಾಯಿತು.

ಕುರ್ಲಾದಲ್ಲಿ ಅವಳೇ ಹೊಸ ಬೀಗ ಕೊಂಡಳು. "ನಿಮ್ಮ ಆಟಿ ಮುಗಿಯೂತನಕಾ ಇದು ನನ್ನ ಬೀಗಾ," ಎಂದಳು. ಎರಡು ಕೈ ಇದ್ದವು. ಒಂದು ನನಗೆ ಕೊಟ್ಟಳು. ಇನ್ನೊಂದು ಅವಳ ಸೊಂಟದಲ್ಲಿದೆ. ನಾನು ನೋಡುತ್ತಲೇ ಇದ್ದೇನೆ.

ಒಳಗಿನಿಂದ ಚಿಲಕ ಹಾಕಿದ್ದೇವೆ. ಸ್ಟೋವ್, ಪಾತ್ರೆ, ಹಾಲು, ಎರಡು ಚಾಪೆ. ಕುಂಭ ನಡುವೆಯೇ ಇದೆ. ಅದನ್ನು ಬಸಲಿಂಗವ್ವನೂ ಮುಟ್ಟಲಿಲ್ಲ. ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅದರೊಳಗೆ ಉಕ್ಕಬೇಕು ಎನ್ನುತ್ತಾಳೆ. ಸ್ಟೋವ್ ಹತ್ತಿಕೊಳ್ಳುತ್ತಿಲ್ಲ, ಸೀಮೆಎಣ್ಣೆಗೆ ನೀರು ಸೇರಿದೆ. ಅಣ್ಣ ಮುರಿಗೆಪ್ಪನನ್ನು ಕರೆತರಲು ಹೋಗಿದ್ದಾನೆ.

9.30

ಬಂದರು. ಮೆಟ್ಟಿಲ ಮೇಲೆ ತುಂಬ ಕಾಲು. ಹೊರಗೆ ಬೀಗ ಕಾಣದೆ ಮೆಹ್ತಾಜಿ ಬಾಗಿಲು ದೂಡಿದರು, ಆಮೇಲೆ ಬಡಿದರು.

"ಕೌನ್ ಹೈ ಅಂದರ್?"

ನಾನು ಬಸಲಿಂಗವ್ವನನ್ನು ನೋಡಿದೆ. ಇಡೀ ಪರೇಲಿಗೆ ಕೇಳುವ ಹಾಗೆ ಬೈಯುವವಳು, ಈಗ ಬಾಯಿಗೆ ಸೆರಗು ಹಿಡಿದಿದ್ದಾಳೆ. ಮತ್ತೆ ಬಡಿದರು.

"ನೀವು ಹೇಳಿ," ಎಂದೆ.

ಅವಳು ತಲೆ ಆಡಿಸಿದಳು. ಕಿವಿಯ ಹತ್ತಿರ ಬಂದು, "ನಾ ದನಿ ತೆಗದ್ರ ಇದು ನನ್ನ ಖೋಲಿ ಆಗತೈತಿ. ಮಂದಿ ನನ್ನ ಹೆಸರು ಹೇಳತಾರ. ನಿಮ್ಮ ಖೋಲಿ. ನೀ ಹೇಳ," ಎಂದಳು. ಸೊಂಟದಿಂದ ಆ ಇನ್ನೊಂದು ಬೀಗದ ಕೈ ತೆಗೆದು ನನ್ನ ಅಂಗೈಗೆ ಒತ್ತಿದಳು. "ರಾತ್ರಿಯಿಂದ ಇದನ್ನ ನೋಡಾಕತ್ತೀಯಲ್ಲ. ತಗೋ. ನಾಗವ್ವಗ ನನ್ನ ಮನೀ ಐತಿ, ನೀವು ಬಿಟ್ರ ಸಾಕು."

ಬೆಳಿಗ್ಗೆ ಕೊಂಡ ಬೀಗ, ರಾತ್ರಿಯಿಂದ ಹೇಗೆ ನೋಡಿದೆ? ಅವಳು ಹೇಳಿದ್ದು ಬೀಗದ ಕೈಯ ವಿಷಯ ಅಲ್ಲ. ಅರ್ಥವಾಯಿತು. ಮುಖ ಎತ್ತಲಾಗಲಿಲ್ಲ.

ಎದ್ದು ಬಾಗಿಲಿಗೆ ಮುಖ ಹತ್ತಿರವಿಟ್ಟೆ. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ದನಿ ಬಂತು, ಯಾರದೋ ದನಿಯ ಹಾಗೆ.

"ಇದು ಶೇಖರನ ಖೋಲಿ. ನಾನು ಅವನ ತಂಗಿ. ನಾವು ಒಳಗಿದ್ದೇವೆ."

ಯಾವ ಭಾಷೆಯಲ್ಲಿ ಹೇಳಿದೆನೋ. ಅವರಿಗೆ ಅರ್ಥವಾಯಿತು. ಮೆಹ್ತಾಜಿ ಮೊದಲು ಬೇಟಿ ಎಂದರು. ಬಾಗಿಲು ತೆರೆ ಬೇಟಿ, ಮಾತಾಡೋಣ. ತೆರೆಯಲಿಲ್ಲ. ಪೊಲೀಸರನ್ನು ಕರೆಯುತ್ತೇನೆ ಎಂದರು. "ಕರೆಯಿರಿ," ಎಂದೆ! ಆಮೇಲೆ ಅವರು ಆಡಿದ ಮಾತು ಬರೆಯುವಂಥದ್ದಲ್ಲ. ಏಲಕ್ಕಿಯ ಬಾಯಿ.

ಕಾಲುಗಳು ಇಳಿದು ಹೋದವು. ಎಲ್ಲ ಅಲ್ಲ.

10.10

ಸ್ಟೋವ್ ಹತ್ತಿಕೊಂಡಿತು. ಹಾಲು ಇಟ್ಟಿದ್ದಾಳೆ.

ಹಸಿರು ಸೀರೆಯವಳು ಹೋಗಿಲ್ಲ. ಬಾಗಿಲಿನಾಚೆ ನೆಲಕ್ಕೆ ಕೂತಿದ್ದಾಳೆ, ಬಳೆಯ ಸದ್ದು ಕೇಳುತ್ತದೆ. ಆಗಿನಿಂದ ಎರಡು ಸಲ ಹೇಳಿದಳು. ಬೈಯಲಿಲ್ಲ. ನಮ್ಮಿಂದಲೂ ಪಗಡಿ ತೆಗೆದುಕೊಂಡಿದ್ದಾರೆ. ನಮ್ಮ ಕುಂಭ ಒಳಗಿದೆ, ಅದನ್ನಾದರೂ ಕೊಡಿ.

ನಿಜ ಹೇಳುತ್ತಿದ್ದಾಳೆಯೇ? ಅಥವಾ ಚಿಲಕ ತೆಗೆಸುವ ಉಪಾಯವೇ? ಮೆಟ್ಟಿಲ ಕೆಳಗೆ ಅವಳ ಗಂಡಸರು ನಿಂತಿರಬಹುದು. ಮೆಹ್ತಾ ನಿಂತಿರಬಹುದು. ಕಿಟಕಿಯ ಸರಳಿನ ಸಂದಿಯಲ್ಲಿ ಕೊಡ ಹಿಡಿಸುವುದಿಲ್ಲ, ಅಳೆದು ನೋಡಿದೆ. ತೆಂಗಿನಕಾಯಿಯೂ ಹಿಡಿಸುವುದಿಲ್ಲ. ಬಾಗಿಲು ತೆರೆಯದೆ ಕೊಡುವ ದಾರಿಯೇ ಇಲ್ಲ.

"ಮೊದಲ ಹಾಲು ಉಕ್ಕಲಿ, ಆಮ್ಯಾಲೆ ಅಕಿ ಕೊಡ ಅಕೀಗೆ ಕೊಡೂಣು," ಎನ್ನುತ್ತಾಳೆ ಬಸಲಿಂಗವ್ವ. ನಮ್ಮ ಹಾಲು ಉಕ್ಕಿದ ಮೇಲೆ ಕೊಟ್ಟರೆ ಅವಳಿಗೆ ಅದು ಕುಂಭವಲ್ಲ, ಬರೀ ಕೊಡ.

ನಳದ ಹೊತ್ತು ಕೇಳಿದವಳು. ಅವಳ ಬಳೆ ಇನ್ನೂ ಕೈಯಲ್ಲಿದೆ, ಗಾಜಿನದೋ ಏನೋ. ಸದ್ದು ಗಾಜಿನದೇ. ಅತ್ತಿಗೆಯದೂ ಈಗ ಗಾಜಿನದೇ.

ಹಾಲಿನ ಅಂಚು ಎದ್ದಿತು. ಕೆನೆ ಕಟ್ಟಿ ನಡುವೆ ಉಬ್ಬುತ್ತಿದೆ. ಬಸಲಿಂಗವ್ವ ಕೈ ಬೀಸಿ ಕರೆಯುತ್ತಿದ್ದಾಳೆ — ಅಕ್ಕೂ, ಬರಿಯೂದ ಸಾಕ, ಬಾ, ಮೂಡಲಕ್ಕ ಉಕ್ಕಾಕತ್ತೈತಿ...